ಆಪರೇಟರಮ್ಮನಿಗೊಂದು ಸೀಟು

ಕಾರು ಕೊಳ್ಳಲು ಹೋದವರು ಏನು ನೋಡುತ್ತಾರೆ? ಬಣ್ಣ ನೋಡುತ್ತಾರೆ, ಲೀಟರಿಗೆ ಎಷ್ಟು ಓಡುತ್ತದೆ ಎಂದು ಕೇಳುತ್ತಾರೆ, ಏನೂ ಗೊತ್ತಿಲ್ಲದಿದ್ದರೂ ಎಲ್ಲ ಗೊತ್ತಿರುವವರ ಹಾಗೆ ಚಕ್ರವನ್ನು ಕಾಲಿನಿಂದ ಒಮ್ಮೆ ಒದ್ದು ನೋಡುತ್ತಾರೆ. ಸೀಟು ಮೇಸ್ತ್ರಿ ಶೋರೂಮಿಗೆ ಹೋದವರೇ ಮೊದಲ ಕಾರಿನ ಬಾಗಿಲು ತೆಗೆದು, ಡ್ರೈವರ್ ಪಕ್ಕದ ಸೀಟಿಗೆ ಹೆಬ್ಬೆರಳು ಒತ್ತಿದರು. ಬಿಟ್ಟರು, ಮತ್ತೆ ಒತ್ತಿದರು. ‘ಊಹೂಂ’ ಎಂದು ತಲೆಯಾಡಿಸಿ ಮುಂದಿನ ಕಾರಿಗೆ ಹೋದರು. ಹೀಗೆ ಸಾಲಾಗಿ ನಿಂತಿದ್ದ ಕಾರುಗಳನ್ನೆಲ್ಲ ಹೆಬ್ಬೆರಳಿನಲ್ಲೇ ಪರೀಕ್ಷೆ ಮಾಡುತ್ತಾ ಹೋದಾಗ, ಅವರ ಹಿಂದೆ ಹಿಂದೆಯೇ ಬರುತ್ತಿದ್ದ ಶೋರೂಮಿನ ಹೆಣ್ಣುಮಗಳಿಗೆ ತಡೆಯಲಾಗಲಿಲ್ಲ.

“ಸರ್, ಒಂದ್ಸಲ ಬಾನೆಟ್ ತೆಗೆದು ತೋರಿಸ್ಲಾ?”

“ಇದು ಓಡುತ್ತೆ ತಾನೇ?”

“ಓಡುತ್ತೆ ಸರ್.”

“ಮತ್ತೆ ಇನ್ನೇನು ನೋಡೋದು?”

ಅವರ ಹೆಂಡತಿ ದೂರದಲ್ಲಿ ಕಂಬಕ್ಕೆ ಒರಗಿ ನಿಂತು ನಗುತ್ತಿದ್ದರು. ಶೋರೂಮಿನವರು ಕೂರಲು ಕುರ್ಚಿ ಕೊಟ್ಟಿದ್ದರು, ಇವರೇ ಬೇಡ ಎಂದಿದ್ದರು.

ಮೇಸ್ತ್ರಿಯ ಅಂಗಡಿ ಇದ್ದದ್ದು ಬಸ್ ಡಿಪೋದ ಹಿಂದಿನ ಬೀದಿಯಲ್ಲಿ. ಮೇಲೆ ತಗಡು, ಒಳಗೆ ಉದ್ದನೆಯ ಬೆಂಚು, ಎರಡು ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ರೆಕ್ಸಿನ್ನಿನ ಸುರುಳಿಗಳು. ಲಾರಿ ಡ್ರೈವರುಗಳ ಸೀಟು, ಕ್ಷೌರದಂಗಡಿಯ ತಿರುಗುವ ಕುರ್ಚಿ, ಚಿತ್ರಮಂದಿರದ ಬಾಲ್ಕನಿ, ಹಲ್ಲಿನ ಡಾಕ್ಟರ ಬಳಿ ಜನ ಹೆದರಿ ಮಲಗುವ ಆ ದೊಡ್ಡ ಕುರ್ಚಿ, ಎಲ್ಲವೂ ಒಂದಲ್ಲ ಒಂದು ದಿನ ಆ ಬೆಂಚಿನ ಮೇಲೆ ಅಂಗಾತ ಬಿದ್ದಿದ್ದವೇ. ಕೆಲಸದಲ್ಲಿ ಅವರದೊಂದು ಕ್ರಮ ಇತ್ತು. ಗಿರಾಕಿ ಬಂದು “ಮೇಸ್ತ್ರಿ, ಸೊಂಟದ ಹತ್ತಿರ ಏನೋ ಒತ್ತುತ್ತೆ, ಎಡಗಡೆ ಕುಸಿದ ಹಾಗಿದೆ...” ಎಂದು ಶುರುಮಾಡಿದರೆ ಕೈ ಎತ್ತಿ ನಿಲ್ಲಿಸಿಬಿಡುತ್ತಿದ್ದರು. “ಬಾಯಲ್ಲಿ ಹೇಳ್ಬೇಡಿ. ಬಿಚ್ಚದೆ ನಾನು ಏನೂ ಹೇಳೋನಲ್ಲ.” ಅಷ್ಟು ಹೇಳಿ ಮುಗಿಯುವಷ್ಟರಲ್ಲಿ ಚಾಕು ಹೊಲಿಗೆಗೆ ಬಿದ್ದಿರುತ್ತಿತ್ತು. ತಲೆಗಿಂತ ಕೈ ಮುಂದೆ ಎನ್ನುವ ಜಾತಿಯ ಮನುಷ್ಯ. ಆ ಕೈ ಅವರಿಗೆ ಒಳ್ಳೆಯ ಹೆಸರನ್ನೂ ತಂದುಕೊಟ್ಟಿತು, ಈಗ ಹೇಳಹೊರಟಿರುವ ಫಜೀತಿಯನ್ನೂ ತಂದುಕೊಟ್ಟಿತು.

ಹೆಂಡತಿಯನ್ನು ಬೀದಿಯವರೆಲ್ಲ ಕರೆಯುವುದು ಆಪರೇಟರಮ್ಮ ಎಂದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಊರಿನವರ ಮಾತಿಗೆಲ್ಲ ಸೇತುವೆ ಕಟ್ಟಿದವರು. ಎಕ್ಸ್‌ಚೇಂಜು ಮುಚ್ಚಿಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿಯಿತು. ಹೆಸರಿನ ಜೊತೆಗೆ ಬೆನ್ನುನೋವೂ ಉಳಿಯಿತು. ಅಲ್ಲಿನ ಕುರ್ಚಿ ಕಬ್ಬಿಣದ್ದು. ಮುಂದಕ್ಕೆ ಬಾಗಿದ್ದು, ಬೆನ್ನಿಗೆ ಆಸರೆ ಇಲ್ಲದ್ದು. ಮದುವೆಯಾದ ಹೊಸತರಲ್ಲಿ ಮೇಸ್ತ್ರಿ ಎರಡು ಸಲ ಹೋಗಿ ದೊಡ್ಡ ಸಾಹೇಬರನ್ನು ಕೇಳಿದ್ದರು: “ಒಂದು ಭಾನುವಾರ ಆ ಕುರ್ಚಿ ನನಗೆ ಕೊಡಿ ಸ್ವಾಮಿ, ಕಾಸು ಬೇಡ, ಸರಿ ಮಾಡಿ ಸೋಮವಾರ ತಂದಿಡ್ತೀನಿ.” ಅದು ಇಲಾಖೆಯ ಆಸ್ತಿ, ಹೊರಗಿನವರು ಮುಟ್ಟುವ ಹಾಗಿಲ್ಲ ಎಂಬ ಉತ್ತರ ಬಂತು. ಮೇಸ್ತ್ರಿ ತಲೆ ತಗ್ಗಿಸಿ ವಾಪಸ್ ಬಂದರು. ಊರೆಲ್ಲ ಅವರು ಹೊಲಿದ ಸೀಟಿನ ಮೇಲೆ ಆರಾಮಾಗಿ ಕೂತಿರುವಾಗ ಅವರ ಹೆಂಡತಿ ಒಬ್ಬಳೇ ಕಬ್ಬಿಣದ ಮೇಲೆ ಕೂತಳು. ಇದು ಅವರಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಈಗ ಆಪರೇಟರಮ್ಮನಿಗೆ ಬಸ್ಸಿನಲ್ಲಾಗಲಿ ರೈಲಿನಲ್ಲಾಗಲಿ ಅರ್ಧ ಗಂಟೆಗಿಂತ ಹೆಚ್ಚು ಕೂರಲು ಆಗದು. ಅದರಿಂದ ಅವರು ಕಳೆದುಕೊಂಡದ್ದು ಒಂದೇ ಒಂದು. ಆದರೆ ಆ ಒಂದು ಬಹಳ ದೊಡ್ಡದು. ಅವರ ಅಕ್ಕ. ಮೂರು ಗಂಟೆ ದಾರಿಯ ಆಚೆ, ಒಂದು ಕೆರೆಯ ದಂಡೆಯ ಮೇಲೆ, ಪ್ರವಾಸಿಗರಿಗೆ ನಾಲ್ಕು ಕೋಣೆ ಬಾಡಿಗೆಗೆ ಕೊಟ್ಟುಕೊಂಡು ಅಕ್ಕ ಒಬ್ಬಳೇ ಇದ್ದಾಳೆ. ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ತಲೆ ಬಾಚಿ, ಬೈದು, ಓದಿಸಿ ದೊಡ್ಡವಳನ್ನಾಗಿ ಮಾಡಿದವಳು ಅವಳೇ. ಕೋಣೆಗಳಿಗೆ ಬೀಗ ಹಾಕಿ ಅವಳು ಇಲ್ಲಿಗೆ ಬರುವ ಹಾಗಿಲ್ಲ, ಬೆನ್ನು ಹೊತ್ತುಕೊಂಡು ಇವರು ಅಲ್ಲಿಗೆ ಹೋಗುವ ಹಾಗಿಲ್ಲ. ಹೀಗೇ ಆರು ವರ್ಷ ಕಳೆದುಹೋಗಿತ್ತು. ವಾರ ವಾರ ಫೋನಿನಲ್ಲಿ ಮಾತು ನಡೆಯುತ್ತಿತ್ತು. ಒಂದು ಸಂಜೆ ಅಕ್ಕ, “ಧ್ವನಿ ಕೇಳುತ್ತೆ ಕಣೇ, ನಿನ್ನ ಮುಖ ಮಾತ್ರ ಮರೆತುಹೋಗ್ತಿದೆ” ಎಂದಳು. ಯಾವತ್ತೂ ಹಾಗೆ ಮಾತಾಡುವವಳಲ್ಲ. ಆಪರೇಟರಮ್ಮ ಫೋನ್ ಇಟ್ಟು ಅಡುಗೆಮನೆಗೆ ಹೋಗಿ ಏನು ಮಾಡಲು ಬಂದೆ ಎಂಬುದನ್ನೇ ಮರೆತು ನಿಂತರು. ಆಮೇಲೆ ಹೊರಗೆ ಬಂದು, “ರೀ, ನಾವೊಂದು ಕಾರು ತಗೊಳ್ಳೋಣ್ವಾ?” ಎಂದರು. ಮೇಸ್ತ್ರಿಯನ್ನು ಅವರು ಏನನ್ನೂ ಕೇಳಿದವರೇ ಅಲ್ಲ. ಕೇಳಿದ್ದು ಆವತ್ತೇ.

ಹೆಬ್ಬೆರಳಿನ ಪರೀಕ್ಷೆಯಲ್ಲಿ ಒಂದು ಬೂದು ಬಣ್ಣದ ಸಣ್ಣ ಕಾರು ಹೇಗೋ ಪಾಸಾಯಿತು. ಇನ್ನು ಅದನ್ನು ತರುವುದು ಹೇಗೆ? ಈ ಪ್ರಶ್ನೆಯನ್ನು ಆಪರೇಟರಮ್ಮ ತಮ್ಮ ಕೈಗೆ ತೆಗೆದುಕೊಂಡರು. ಫೋನ್ ಮುಂದೆ ನಿಂತುಕೊಂಡೇ ಊರಿನ ಬ್ಯಾಂಕುಗಳನ್ನೆಲ್ಲ ಜಾಲಾಡಿದರು. “ಒಂದ್ನಿಮಿಷ ಲೈನಲ್ಲಿರಿ ಮೇಡಂ” ಎಂದು ಮಾಯವಾದ ಒಬ್ಬ ಗುಮಾಸ್ತ ಮರಳಿ ಬಂದಾಗ, ಲೈನಿನಲ್ಲಿ ಕಾಯಿಸುವುದು ಹೇಗೆ ಎಂಬುದರ ಬಗ್ಗೆ ಅವನಿಗೊಂದು ಸಣ್ಣ ಪಾಠವೇ ಆಯಿತು. ಪಾಪ, ಅವನು ಕ್ಷಮೆ ಕೇಳಿ ಬಡ್ಡಿ ಸ್ವಲ್ಪ ಇಳಿಸಿದ.

ಭಾನುವಾರ ಮಗಳು ಅಳಿಯ ಬಂದಾಗ ಮೇಜಿನ ಸುತ್ತ ಸಭೆ ಕೂತಿತು. ಅಂದರೆ ಮೂವರು ಕೂತರು, ಆಪರೇಟರಮ್ಮ ನಿಂತರು.

“ನೋಡಿ, ಮೂರು ದಾರಿ ಇದೆ” ಎಂದು ಅವರು ಶುರುಮಾಡಿದರು. “ಒಂದು, ಬ್ಯಾಂಕ್ ಸಾಲ. ಕೈಯಿಂದ ಮೊದಲೇ ಒಂದಿಷ್ಟು ಗಂಟು ಕೊಡಬೇಕು, ಐದು ವರ್ಷ ಕಂತು ಕಟ್ಟಬೇಕು, ಆಮೇಲೆ ಕಾರು ನಮ್ಮದು. ಎರಡನೇದು, ಕಂತು ಕಡಿಮೆ, ಆದರೆ ಕೊನೇಲಿ ಒಂದೇ ಸಲ ದೊಡ್ಡ ಮೊತ್ತ ಕೊಡಬೇಕು.”

“ಪ್ರಾಣಿಗಿಂತ ಬಾಲವೇ ದೊಡ್ಡದು ಅನ್ನು” ಎಂದರು ಮೇಸ್ತ್ರಿ.

“ಅದಕ್ಕೇ ಬೇಡ ಅಂದೆ. ಮೂರನೇದು ಲೀಸು. ಕಾರು ಕಂಪನಿಯದೇ. ಮೂರು ವರ್ಷ ಓಡಿಸೋದು ನಾವು. ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಸರ್ವೀಸು, ವಿಮೆ ಎಲ್ಲ ಅವರದೇ ತಲೆನೋವು. ಮುಗಿದ ಮೇಲೆ ಕೀಲಿಕೈ ವಾಪಸ್ ಕೊಟ್ಟು ಮನೆಗೆ ಬರೋದು.”

ಅಳಿಯನಿಗೆ ಲೆಕ್ಕ ಎಂದರೆ ಪ್ರಾಣ. ಕುರ್ಚಿ ಮುಂದಕ್ಕೆ ಎಳೆದುಕೊಂಡ. “ಲೀಸೇ ಸರಿ ಮಾವ. ಕಾರು ಅನ್ನೋದು ದಿನ ಹೋದ ಹಾಗೆ ಬೆಲೆ ಕಳ್ಕೊಳ್ಳೋ ವಸ್ತು. ಅಂಥದ್ದನ್ನ ಸ್ವಂತ ಮಾಡ್ಕೊಂಡು ಏನು ಪ್ರಯೋಜನ? ಇರೋಷ್ಟು ದಿನ ಇಟ್ಕೊಳ್ಳಿ, ಹಳೇದಾದ ತಕ್ಷಣ ವಾಪಸ್ ಕೊಟ್ಟು ಹೊಸದು ತನ್ನಿ.”

“ಹೆಣ್ಣು ಕೇಳೋಕೆ ಬಂದಾಗ ಇದನ್ನ ಹೇಳಿರಲಿಲ್ಲ ನೀವು” ಎಂದರು ಮೇಸ್ತ್ರಿ.

ಮಗಳು ಕುಡಿಯುತ್ತಿದ್ದ ನೀರನ್ನು ಮೇಜಿನ ಮೇಲೆಲ್ಲ ಚೆಲ್ಲಿದಳು. ಅಳಿಯನ ಕಿವಿ ಕೆಂಪಾಯಿತು. ಆದರೆ ಪಕ್ಷಪಾತವಿಲ್ಲದೆ ಹೇಳುವುದಾದರೆ ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಇವರು ಓಡಾಡುವುದೇ ಕಡಿಮೆ, ಕೈಯಲ್ಲಿ ದೊಡ್ಡ ಗಂಟಿಲ್ಲ, ರಿಪೇರಿಯ ಗೋಳು ಬೇಡ. ಯಾವ ಕಡೆಯಿಂದ ಕೂಡಿಸಿ ಕಳೆದರೂ ಲೀಸೇ ಗೆಲ್ಲುತ್ತಿತ್ತು. ಮೇಸ್ತ್ರಿಗೆ ಯಾಕೋ ಸ್ವಂತದ ಕಾರೇ ಇರಲಿ ಎನಿಸುತ್ತಿತ್ತು. ಯಾಕೆ ಎಂದು ಕೇಳಿದರೆ ಹೇಳಲು ಬರಲಿಲ್ಲ. “ಈ ವಯಸ್ಸಲ್ಲಿ ಐದು ವರ್ಷದ ಸಾಲ ಯಾಕ್ರೀ ಮೈಮೇಲೆ ಎಳ್ಕೊಳ್ಳೋದು?” ಎಂದು ಹೆಂಡತಿ ಕೇಳಿದ ಮೇಲೆ ಅವರೂ ಲೀಸಿಗೇ ಒಪ್ಪಿದರು.

ಶೋರೂಮಿನಲ್ಲಿ ಅದೇ ಹೆಣ್ಣುಮಗಳು ಕರಾರನ್ನು ಒಂದೊಂದಾಗಿ ಓದಿ ಹೇಳಿದಳು. ವರ್ಷಕ್ಕೆ ಇಷ್ಟು ದೂರಕ್ಕಿಂತ ಹೆಚ್ಚು ಓಡಿಸಿದರೆ ದಂಡ. ಗೀರು ಬಿದ್ದರೆ ದಂಡ. ಕಾರಿನ ಒಳಗಾಗಲಿ ಹೊರಗಾಗಲಿ ಏನನ್ನೂ ಬದಲಾಯಿಸುವ ಹಾಗಿಲ್ಲ, ಕೊಟ್ಟ ಹಾಗೆಯೇ ವಾಪಸ್ ಬರಬೇಕು. ಮೇಸ್ತ್ರಿ ಎಲ್ಲಕ್ಕೂ ‘ಹೂಂ’ ಎಂದರು. ಅವರ ಕಣ್ಣು ಅವಳು ಕೂತಿದ್ದ ಕುರ್ಚಿಯ ಮೇಲಿತ್ತು. ಬೆನ್ನಿನ ಹೊಲಿಗೆ ಒಂದು ಕಡೆ ಸೊಟ್ಟಗೆ ಹೋಗಿತ್ತು. ಅದನ್ನು ಹೊಲಿದವನನ್ನು ಅವರು ಮನಸ್ಸಿನಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಸಹಿ ಹಾಕಿ ಎಂದಾಗ ಹಾಕಿದರು.

ಮುಂದಿನ ಶನಿವಾರವೇ ಹೊರಟದ್ದಾಯಿತು. ಆಪರೇಟರಮ್ಮ ಹೊಸ ಸೀರೆ ಉಟ್ಟು, ಅಕ್ಕನಿಗೆಂದು ಹೆಣೆದ ಶಾಲನ್ನು ತೊಡೆಯ ಮೇಲಿಟ್ಟುಕೊಂಡು, ಹೊರಟ ಗಳಿಗೆಯಿಂದ ಬಾಯಿ ಮುಚ್ಚದೆ ಮಾತಾಡಿದರು. ಊರು ದಾಟಿತು. ಇಟ್ಟಿಗೆ ಗೂಡುಗಳು ಹಿಂದಕ್ಕೆ ಹೋದವು. ಆಮೇಲೆ ಮಾತು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಮೇಸ್ತ್ರಿ ಓರೆಗಣ್ಣಿನಿಂದ ನೋಡಿದರು. ಹೆಂಡತಿಯ ಕೈ ಬಾಗಿಲ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು.

“ತಿರುಗಿಸ್ಲಾ?”

“ಇನ್ನೊಂದು ಸ್ವಲ್ಪ ದೂರ ಹೋಗಿ ನೋಡೋಣ.”

ಇನ್ನೊಂದು ಸ್ವಲ್ಪ ದೂರದಲ್ಲಿ ಪೆಟ್ರೋಲ್ ಬಂಕ್ ಸಿಕ್ಕಿತು. ಅಲ್ಲಿ ಇಳಿದ ಆಪರೇಟರಮ್ಮನಿಗೆ ನೆಟ್ಟಗೆ ನಿಲ್ಲಲೇ ಆಗಲಿಲ್ಲ. ಮೇಸ್ತ್ರಿ ತೋಳು ಹಿಡಿದು ಸ್ವಲ್ಪ ಹೊತ್ತು ನಡೆಸಿದರು, ಮತ್ತೆ ಕೂರಿಸಿ ಮನೆಗೆ ತಿರುಗಿಸಿದರು. ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದ್ದು ಆಪರೇಟರಮ್ಮನೇ. “ಹೊಸ ಕಾರಲ್ವಾ ಅಕ್ಕ, ಏನೋ ಸಣ್ಣ ತೊಂದರೆ. ಮುಂದಿನ ವಾರ ಬರ್ತೀವಿ” ಎಂದು ನಗುನಗುತ್ತಾ ಹೇಳಿದರು. ಮಾತು ಮುಗಿದ ಮೇಲೂ ಫೋನನ್ನು ಕೆಳಗಿಡದೆ ಕೈಯಲ್ಲೇ ಹಿಡಿದು ನಿಂತಿದ್ದರು. ಮೇಸ್ತ್ರಿ ಅದನ್ನು ಬಾಗಿಲಿನಿಂದ ನೋಡಿದರು. ಮುಂದಿನ ವಾರ ಮನೆಯಲ್ಲಿದ್ದ ದಿಂಬುಗಳನ್ನೆಲ್ಲ ತುರುಕಿಕೊಂಡು ಹೊರಟರೆ, ಆ ಪೆಟ್ರೋಲ್ ಬಂಕಿನವರೆಗೂ ಹೋಗಲಾಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಮೇಸ್ತ್ರಿ ಕಾರು ತೊಳೆದುಕೊಂಡು ಬರುತ್ತೇನೆ ಎಂದು ಹೇಳಿ ಅಂಗಡಿಗೆ ಹೋದರು. ನಿಜವಾಗಿಯೂ ತೊಳೆಯಲೆಂದೇ ಹೋದದ್ದು. ಬಕೆಟ್ಟಿಗೆ ನೀರನ್ನೂ ತುಂಬಿದ್ದರು. ತೊಳೆಯುವ ಮೊದಲು ಆ ಸೀಟನ್ನು ಒಮ್ಮೆ ನೋಡಿಬಿಡೋಣ ಎನಿಸಿತು. ಬರೀ ನೋಡುವುದು, ಅಷ್ಟೇ. ಬ್ಯಾಟರಿಯ ವೈರು ಕಳಚಿದರು, ನಾಲ್ಕು ಬೋಲ್ಟು ಬಿಚ್ಚಿದರು, ಸೀಟನ್ನು ಎತ್ತಿ ತಂದು ಬೆಂಚಿನ ಮೇಲೆ ಮಲಗಿಸಿದರು. ಬೆಂಚಿನ ಮೇಲೆ ಬಂದ ಸೀಟು ಮೇಸ್ತ್ರಿಯ ಕೈಗೆ ಬರೀ ಸೀಟು. ಅದು ಯಾರದು, ಎಲ್ಲಿಯದು ಎಂದು ಆ ಕೈ ಯಾವತ್ತೂ ಕೇಳಿದ್ದಿಲ್ಲ. ಚಾಕು ಹೊಲಿಗೆಯ ಮೇಲೆ ಸರ್ರನೆ ಓಡಿತು. ಮುಸುಕು ಕಳಚಿತು. ಒಳಗೆ ಒಳ್ಳೆಯ ಗಟ್ಟಿ ಫೋಮು, ಆದರೆ ಎಲ್ಲಿ ತುಂಬಿಕೊಳ್ಳಬೇಕೋ ಅಲ್ಲಿ ತಗ್ಗು, ಎಲ್ಲಿ ಬಿಟ್ಟುಕೊಡಬೇಕೋ ಅಲ್ಲಿ ಉಬ್ಬು. “ಅಲ್ಲಪ್ಪ, ಮನುಷ್ಯರ ಬೆನ್ನು ಹೀಗಿರುತ್ತಾ?” ಎಂದು ಗೊಣಗುತ್ತಾ ಮೇಸ್ತ್ರಿ ಉದ್ದನೆಯ ಚಾಕು ತೆಗೆದುಕೊಂಡು ಆ ಉಬ್ಬನ್ನು ಕತ್ತರಿಸಿಯೇಬಿಟ್ಟರು.

ಕತ್ತರಿಸಿದ ತುಂಡನ್ನು ಎತ್ತಿ ಪಕ್ಕಕ್ಕೆ ಎಸೆಯುವಾಗ ಸೀಟಿನ ಕೆಳಗೆ ಅಂಟಿಸಿದ್ದ ಚೀಟಿ ಕಣ್ಣಿಗೆ ಬಿತ್ತು. ಕಂಪನಿಯ ಆಸ್ತಿ ಎಂದಿತ್ತು. ಶೋರೂಮಿನ ಹೆಣ್ಣುಮಗಳ ಮಾತು, ತಾವು ಹೇಳಿದ ‘ಹೂಂ’, ಹಾಕಿದ ಸಹಿ ಎಲ್ಲ ಒಟ್ಟಿಗೇ ನೆನಪಾದವು. ಚಾಕುವನ್ನು ಬೆಂಚಿನ ಮೇಲಿಟ್ಟು ಸ್ಟೂಲಿನ ಮೇಲೆ ಕುಸಿದರು.

ಸ್ವಲ್ಪ ಹೊತ್ತಿನ ಮೇಲೆ ಒಂದು ಯೋಚನೆ ಬಂತು. ತುಂಡನ್ನು ಅಂಟಿಸಿ, ಹಳೆಯ ತೂತುಗಳಲ್ಲೇ ದಾರ ಏರಿಸಿ ಹೊಲಿದರೆ ಯಾವ ಕಂಪನಿಯ ಯಾವ ಮಹಾಶಯನಿಗೂ ಗೊತ್ತಾಗುವುದಿಲ್ಲ. ಆ ಕೆಲಸ ಅವರಿಗೆ ನೀರು ಕುಡಿದಷ್ಟು ಸುಲಭ. ದಾರವನ್ನೂ ಆರಿಸಿಕೊಂಡರು. ಆದರೆ ಸೂಜಿ ಮುಂದಕ್ಕೆ ಹೋಗಲಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿದರೆ ಬಂದ ಭಾಗ್ಯವಾದರೂ ಏನು? ಮತ್ತೆ ಅದೇ ಸೀಟು, ಅದೇ ಪೆಟ್ರೋಲ್ ಬಂಕು. ಮೇಸ್ತ್ರಿ ದಾರವನ್ನು ವಾಪಸ್ ಡಬ್ಬಕ್ಕೆ ಹಾಕಿ ನಡೆದುಕೊಂಡೇ ಮನೆಗೆ ಹೋದರು.

“ಬಿಚ್ಚಿಬಿಟ್ಟೆ ಕಣೇ.”

“ಏನನ್ನ?”

“ಸೀಟನ್ನ.”

“ಯಾರ ಸೀಟು?”

“ಅದೇ ಈಗ ಪ್ರಶ್ನೆ.”

ಅರ್ಥವಾಗಲು ಆಪರೇಟರಮ್ಮನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವರ ಸಿಟ್ಟು ಅಪರೂಪದ್ದು, ಬಂದರೆ ಮಾತ್ರ ಪೂರ್ತಿಯಾಗಿ ಬರುವಂಥದ್ದು. “ಮೂರೇ ವರ್ಷ ಕೈ ಕಟ್ಕೊಂಡು ಕೂತಿರೋಕೆ ಆಗ್ಲಿಲ್ವಾ ನಿಮಗೆ? ಊರಿಗೆಲ್ಲ ಅಷ್ಟು ಫೋನ್ ಮಾಡಿ, ಲೆಕ್ಕ ಹಾಕಿ, ಅಳೆದೂ ಸುರಿದೂ ತಂದ ಕಾರು! ಕಂಡವರ ವಸ್ತು ಮುಟ್ಟಬಾರದು ಅಂತ ಗೊತ್ತಿಲ್ವಾ?”

“ಗೊತ್ತಿತ್ತು” ಎಂದರು ಮೇಸ್ತ್ರಿ. “ಆವತ್ತು ನಿನ್ನ ಆಫೀಸಿನವರು ಮುಟ್ಟಬೇಡ ಅಂದ್ರು. ಸರಿ ಅಂತ ಬಂದುಬಿಟ್ಟೆ. ಮೂವತ್ತು ವರ್ಷ ಸುಮ್ನಿದ್ದೆ. ಏನಾಯ್ತು ನೋಡು. ಇನ್ನೊಂದ್ಸಲ ಸುಮ್ನಿರೋಕೆ ನನ್ನ ಕೈಲಿ ಆಗಲ್ಲ ಕಣೇ.”

ಆಪರೇಟರಮ್ಮ ಬೈಯುವುದನ್ನು ನಿಲ್ಲಿಸಿದರು. ಗಂಡ ಎರಡು ಸಲ ಆ ಸಾಹೇಬರ ಮುಂದೆ ಹೋಗಿ ನಿಂತದ್ದು ಅವರಿಗೆ ಗೊತ್ತಿತ್ತು. ಅದು ಇಷ್ಟು ವರ್ಷ ಗಂಡನ ಮನಸ್ಸಿನಲ್ಲಿ ಹೀಗೆ ಕೂತಿದೆ ಎಂಬುದು ಗೊತ್ತಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಚಪ್ಪಲಿ ಮೆಟ್ಟಿದರು.

“ಎಲ್ಲಿಗೆ?”

“ಹೇಗೂ ಬಿಚ್ಚಿ ಆಗಿದೆಯಲ್ಲ. ನಡೀರಿ, ಅಳತೆ ತಗೊಳ್ಳಿ.”

ಅಂಗಡಿಯಲ್ಲಿ ಮೇಸ್ತ್ರಿ ಸೀಟಿನ ಚೌಕಟ್ಟನ್ನು ನೆಲದ ಮೇಲಿಟ್ಟು ಹೆಂಡತಿಯನ್ನು ಕೂರಿಸಿದರು. ಕಣ್ಣು ಮುಚ್ಚಿಕೋ ಎಂದರು. ಅಂಗೈಯನ್ನು ಬೆನ್ನಿಗೂ ಫೋಮಿಗೂ ನಡುವೆ ಇಟ್ಟು, “ಇಲ್ಲೇನಾ?” ಎಂದರು. “ಇನ್ನೂ ಸ್ವಲ್ಪ ಕೆಳಗೆ... ಹಾಂ, ಅಲ್ಲೇ.” ಯಾರಿಗೂ ಬಾಯಿ ತೆರೆಯಲು ಬಿಡದ ಮೇಸ್ತ್ರಿ ಆವತ್ತು ಗಿರಾಕಿಯನ್ನು ಕೇಳಿ ಕೇಳಿ ಕೆಲಸ ಮಾಡಿದರು. ಊರಿಗೆಲ್ಲ ಸೀಟು ಹೊಲಿದವರು ಹೆಂಡತಿಯ ಬೆನ್ನಿನ ಅಳತೆ ತೆಗೆದುಕೊಂಡದ್ದು ಅದೇ ಮೊದಲು. ಸೊಂಟದ ಹತ್ತಿರ ಗಟ್ಟಿ ಫೋಮು, ಅದರ ಮೇಲೆ ಮೆತ್ತನೆಯದೊಂದು ಪದರ, ತೊಡೆಯ ಕೆಳಗೆ ಸ್ವಲ್ಪ ಏರು. ಹತ್ತು ಸಲ ಕೂರಿಸಿದರು, ಹತ್ತು ಸಲ ಎಬ್ಬಿಸಿದರು. ಕೊನೆಕೊನೆಗೆ ಆಪರೇಟರಮ್ಮನಿಗೆ ಕಚಗುಳಿಯಾಗಿ ಇಬ್ಬರೂ ಮಕ್ಕಳ ಹಾಗೆ ನಕ್ಕರು. ದಂಡ ಎಷ್ಟು ಬೀಳುತ್ತದೋ ಗೊತ್ತಿರಲಿಲ್ಲ. ಆದರೂ ಅಷ್ಟು ಸಂತೋಷದ ಭಾನುವಾರ ಅವರಿಗೆ ಎಷ್ಟೋ ಕಾಲದಿಂದ ಸಿಕ್ಕಿರಲಿಲ್ಲ.

ಸೋಮವಾರ ಆಪರೇಟರಮ್ಮ ಕಂಪನಿಗೆ ಫೋನ್ ಮಾಡಿದರು. ಸುತ್ತಿ ಬಳಸದೆ ನಡೆದದ್ದನ್ನು ನಡೆದ ಹಾಗೇ ಹೇಳಿದರು. ಶೋರೂಮಿನ ಹೆಣ್ಣುಮಗಳು ಮೊದಲು ಗಾಬರಿಯಾದಳು, ಯಾರನ್ನೋ ಕೇಳಿಕೊಂಡು ಬಂದಳು. ಎರಡು ದಾರಿ ಇತ್ತು. ದಂಡ ಕಟ್ಟಿ, ಕಂಪನಿಯಿಂದಲೇ ಬೇರೆ ಸೀಟು ಹಾಕಿಸಿಕೊಂಡು ಲೀಸು ಮುಂದುವರಿಸುವುದು. ಇಲ್ಲವೇ ಲೀಸು ಮುರಿದು, ಬ್ಯಾಂಕಿನಿಂದ ಸಾಲ ಮಾಡಿ ಕಾರನ್ನೇ ಕೊಂಡುಬಿಡುವುದು. ಎರಡನೆಯದಕ್ಕೆ ಮೊದಲೇ ಸಾಲ ಮಾಡಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಖರ್ಚು.

ಆಪರೇಟರಮ್ಮ ಫೋನಿಗೆ ಅಂಗೈ ಮುಚ್ಚಿ ಗಂಡನ ಕಡೆ ತಿರುಗಿದರು. “ರೀ, ಸೀಟು ವಾಪಸ್ ಕೊಡೋದೋ, ಕಾರು ಇಟ್ಕೊಳ್ಳೋದೋ?”

“ನೀನು ಹೇಳು.”

“ನನ್ನ ಬೆನ್ನು ಹೇಳಬೇಕು.”

“ಅದು ಏನನ್ನುತ್ತೆ?”

“ಇಟ್ಕೊಳ್ಳಿ ಅನ್ನುತ್ತೆ.”

ವಿಷಯ ತಿಳಿದು ಅಳಿಯ ತಲೆಯ ಮೇಲೆ ಕೈ ಹೊತ್ತು ಕೂತ. “ಅತ್ತೆ, ಮೊದಲೇ ಸಾಲ ಮಾಡಿದ್ದಿದ್ರೆ ಎಷ್ಟು ಉಳೀತಿತ್ತು ಗೊತ್ತಾ?”

“ಎರಡನ್ನೂ ಹೋಲಿಸಿ ನೋಡಿ ಅಂತ ಎಲ್ಲರೂ ಹೇಳ್ತಾರಲ್ಲಪ್ಪ” ಎಂದರು ಆಪರೇಟರಮ್ಮ. “ನಾವು ಎರಡನ್ನೂ ತಗೊಂಡೇ ನೋಡಿಬಿಟ್ವಿ.”

ಅಂಗಡಿ ಮುಚ್ಚಿ ಮನೆಯಲ್ಲಿ ಕೂರುವ ಯೋಚನೆ ಮೇಸ್ತ್ರಿಗೆ ಆಗೀಗ ಬರುತ್ತಿತ್ತು. ಕಂತು ತೀರುವ ತನಕ ಇನ್ನು ಆ ಮಾತಿಲ್ಲ. ಅದಕ್ಕೆ ಅವರಿಗೆ ಬೇಸರವೇನೂ ಆಗಲಿಲ್ಲ. ಮನೆಯಲ್ಲಿ ಕೂತು ಅವರು ಮಾಡುವುದಾದರೂ ಏನಿತ್ತು?

ಕಾಗದಪತ್ರ ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಮತ್ತೆ ಹೊರಟರು. ಈ ಸಲ ಅಕ್ಕನಿಗೆ ಮುಂಚೆ ಹೇಳಿರಲಿಲ್ಲ. ಮೇಸ್ತ್ರಿಯ ಜೀವ ಕೈಯಲ್ಲಿತ್ತು. ಇಷ್ಟೆಲ್ಲ ಮಾಡಿಯೂ ಸೀಟು ಕೈಕೊಟ್ಟರೆ? ಇಟ್ಟಿಗೆ ಗೂಡುಗಳು ಹಿಂದೆ ಹೋದವು. ಪೆಟ್ರೋಲ್ ಬಂಕು ಬಂತು, ಹೋಯಿತು. ಆಪರೇಟರಮ್ಮ ಪಕ್ಕದ ಮನೆಯವರ ನಾಯಿಯ ವಿಷಯ ಹೇಳುತ್ತಲೇ ಇದ್ದರು. ಸೇತುವೆ ದಾಟಿದ ಮೇಲೆ ಮೇಸ್ತ್ರಿಗೆ ತಡೆಯಲಾಗಲಿಲ್ಲ.

“ಬೆನ್ನು?”

“ಯಾವ ಬೆನ್ನು?” ಎಂದು ಕೇಳಿ ಆಪರೇಟರಮ್ಮ ನಾಯಿಯ ಕತೆ ಮುಂದುವರಿಸಿದರು.

ಕತೆ ಮುಗಿಯಿತು. ಆಮೇಲೆ ಮಾತು ನಿಂತಿತು. ಹಲ್ಲು ಕಚ್ಚಿ ನೋವು ನುಂಗುತ್ತಿದ್ದಾಳೆಯೇ ಎಂದು ಮೇಸ್ತ್ರಿ ಮೊದಲು ಹೆಂಡತಿಯ ಕೈ ನೋಡಿದರು. ಕೈ ಬಾಗಿಲ ಹಿಡಿಯ ಮೇಲಿರಲಿಲ್ಲ. ತೊಡೆಯ ಮೇಲೆ ಸಡಿಲವಾಗಿ ಬಿದ್ದಿತ್ತು. ತಲೆ ಪಕ್ಕಕ್ಕೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಆಪರೇಟರಮ್ಮನಿಗೆ ಗಾಢ ನಿದ್ದೆ. ಮೇಸ್ತ್ರಿ ಉಳಿದ ದಾರಿಯನ್ನೆಲ್ಲ ಒಮ್ಮೆಯೂ ಹಾರ್ನ್ ಹೊಡೆಯದೆ ಓಡಿಸಿದರು.

ಕೆರೆಯ ಏರಿ ಹತ್ತಿ, ಗೇಟಿನ ಮುಂದೆ ಕಾರು ನಿಲ್ಲಿಸಿದಾಗಲೂ ಎಚ್ಚರವಾಗಲಿಲ್ಲ. ಅಂಗಳದಲ್ಲಿ ಹಾಸಿಗೆ ಹೊದಿಕೆ ಒಣಹಾಕುತ್ತಿದ್ದ ಅಕ್ಕ, ಯಾರೋ ಪ್ರವಾಸಿಗರು ಎಂದುಕೊಂಡು ಕೈ ಒರೆಸಿಕೊಳ್ಳುತ್ತಾ ಬಂದಳು. ಕಿಟಕಿಯಲ್ಲಿ ಬಗ್ಗಿ ನೋಡಿದಳು. ನೋಡುತ್ತಲೇ ನಿಂತಳು. ಮೇಸ್ತ್ರಿ ಮೆಲ್ಲನೆ ಇಳಿದು ಹತ್ತಿರ ಬಂದರು.

“ಏಳಿಸ್ಲಾ ಅಕ್ಕ?”

“ಬೇಡ” ಎಂದು ಅಕ್ಕ ಪಿಸುಗುಟ್ಟಿದಳು. “ಮಲಗಲಿ ಬಿಡಿ. ಇಷ್ಟು ದಿನ ಕಾದಿದೀನಿ, ಇನ್ನೊಂದು ಗಳಿಗೆ ಏನು ಮಹಾ?”

ಹಿಂದಿನ ಬಾಗಿಲನ್ನು ಸದ್ದಾಗದ ಹಾಗೆ ತೆಗೆದು, ತಂಗಿಯ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು. ಒದ್ದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಆ ನೆರೆತ ತಲೆಯನ್ನೇ ನೋಡುತ್ತಿದ್ದಳು. ಮೇಸ್ತ್ರಿ ಹೊರಗೆ ಬೇಲಿಗೆ ಒರಗಿ ನಿಂತು ಬೇರೆ ಕಡೆ ಮುಖ ತಿರುಗಿಸಿಕೊಂಡರು. ಅವರ ಕಣ್ಣು ತುಂಬಿತ್ತು. ಕೆರೆಯ ಕಡೆಯಿಂದ ಗಾಳಿ ಬರುತ್ತಿತ್ತು, ಒಣಹಾಕಿದ ಹೊದಿಕೆಗಳು ಹಾರಾಡುತ್ತಿದ್ದವು.

ತುಂಬ ಹೊತ್ತಿನ ಮೇಲೆ ಆಪರೇಟರಮ್ಮ ಕಣ್ಣು ತೆರೆಯದೆಯೇ ಮಗ್ಗುಲು ಬದಲಿಸಿ, “ರೀ, ಇನ್ನೆಷ್ಟು ದೂರ ಇದೆ?” ಎಂದು ಕೇಳಿದರು.

“ಬಂದಾಯ್ತು ಕಣೇ” ಎಂದಿತು ಅಕ್ಕನ ಧ್ವನಿ. ಅದು ಫೋನಿನಲ್ಲಿ ಬಂದದ್ದಲ್ಲ.